ಪರದೇಶದ ವ್ಯಾಪಾರದಲ್ಲಿ ಪೌಂಡು, ಬುಷೆಲು ಮತ್ತು ಖಂಡಿ

(ಮೈಸೂರು ನಗರದ ರಾಜೀವನಗರದಲ್ಲಿ, ಸುತ್ತಲ ಗ್ರಾಮಗಳ ಜಮೀನುದಾರರೂ ಯಜಮಾನರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ದಿನ ತಮ್ಮ ಮುಂದೆ ಅರಿಕೆಮಾಡಬೇಕೆಂದಿರುವ ವಿಷಯವು ಬಿತ್ತನೆಗಾಗಲಿ, ಗೊಬ್ಬರಕ್ಕಾಗಲಿ, ಹುಳುಹುಪ್ಪಟೆಗಳ ಬಾಧೆಗಾಗಲಿ ಸೇರಿದುದಲ್ಲ. ಬೆಳೆದು, ಒಕ್ಕಿ, ಒಣಗಿಸಿ, ಗೋಣಿಗೆ ತುಂಬಿದ ಮಾಲು ಮನೆಯ ಹೊಸಿಲನ್ನು ದಾಟಿದ ಮೇಲೆ ಅದಕ್ಕೆ ಯಾವ ಅಳತೆಯ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆಂಬುದೇ ಇಂದಿನ ಪ್ರಸ್ತಾಪ. ವರ್ಷವೆಲ್ಲ ಬೆವರು ಸುರಿಸಿ ಬೆಳೆದ ಫಸಲಿನ ಲಾಭವು ಒಂದು ಗುಣಾಕಾರದ ತಪ್ಪಿನಲ್ಲಿ ಕೈಬಿಟ್ಟುಹೋಗುವುದುಂಟಾದ ಕಾರಣ, ಇದಕ್ಕೆ ಅರ್ಧ ಗಂಟೆಯನ್ನು ಕೊಟ್ಟರೆ ತಮಗೆ ನಷ್ಟವಾಗಲಾರದೆಂದು ನಂಬಿದ್ದೇನೆ.

ನಮ್ಮ ದೇಶಕ್ಕೆ ಕಿಲೋಗ್ರಾಮು, ಲೀಟರುಗಳು ಬಂದು ಅರುವತ್ತು ವರ್ಷಗಳ ಮೇಲಾಯಿತು. ೧೯೫೬ರಲ್ಲಿ ಕಾನೂನಾಯಿತು, ೧೯೫೭ನೆಯ ಇಸವಿ ಏಪ್ರಿಲ್ ೧ರಿಂದ ಆಣೆಗಳು ಹೋಗಿ ನಯಾ ಪೈಸೆಗಳು ಬಂದವು, ೧೯೫೮ರ ಅಕ್ಟೋಬರಿನಿಂದ ತೂಕದ ಬಟ್ಟುಗಳು ಹಂತಹಂತವಾಗಿ ಬದಲಾದುವು. ಹೀಗಿರುವಾಗ ಪೌಂಡಿನ ಮಾತನ್ನು ಈಗ ಎತ್ತುವುದೇಕೆ ಎಂದು ತಾವು ಕೇಳಬಹುದು. ಆದರೆ ತಮ್ಮ ತಮ್ಮ ಪಹಣಿಗಳನ್ನೇ ತೆಗೆದು ನೋಡಿರಿ. ಅಲ್ಲಿ ಎಕರೆ, ಗುಂಟೆಗಳಿವೆಯೇ ಹೊರತು ಹೆಕ್ಟೇರುಗಳಿಲ್ಲ. ಇದೇ ರಾಜೀವನಗರದಲ್ಲಿ ಮನೆ ಕಟ್ಟುವವನು ತನ್ನ ನಿವೇಶನ ಮೂವತ್ತು ನಲವತ್ತು ಎಂದರೆ, ಅದು ಅಡಿಗಳ ಲೆಕ್ಕವೆಂದು ಕೇಳಿದವರೆಲ್ಲರೂ ತಿಳಿಯುತ್ತಾರೆ. ಗುಂಟೆಯೆಂದರೆ ಮೂವತ್ತಮೂರು ಅಡಿ ಚದರ, ನಲವತ್ತು ಗುಂಟೆಗೆ ಒಂದು ಎಕರೆ. ಇದರಲ್ಲಿ ಕೊಡುವವನಿಗೂ ಕೊಳ್ಳುವವನಿಗೂ ಅಭಿಪ್ರಾಯಭೇದವಿಲ್ಲವಾದುದರಿಂದ ಕೇಡೂ ಇಲ್ಲ. ಒಂದೇ ಹೆಸರನ್ನು ಹಿಡಿದು ಇಬ್ಬರು ಎರಡು ಬೇರೆ ಬೇರೆ ಪ್ರಮಾಣಗಳನ್ನು ಮನಸ್ಸಿನಲ್ಲಿಟ್ಟುಕೊಂಡಾಗಲೇ ತೊಂದರೆಯು ಹುಟ್ಟುವುದು.

ನಮ್ಮ ಹಿರಿಯರಿಗೆ ಇದರ ಅನುಭವ ಚೆನ್ನಾಗಿ ಇತ್ತು. ಮೈಸೂರು ಸೀಮೆಯಲ್ಲಿ ಕಚ್ಚಾ ಸೇರೆಂದರೆ ಇಪ್ಪತ್ತುನಾಲ್ಕು ರೂಪಾಯಿಗಳ ತೂಕ. ಅಂಥ ನಲವತ್ತು ಸೇರಿಗೆ ಒಂದು ಮಣ. ಈಗಿನ ಲೆಕ್ಕದಲ್ಲಿ ಸುಮಾರು ೧೧.೨ ಕಿಲೋ. ಉತ್ತರ ದೇಶದ ಮಣದಲ್ಲಿಯೂ ನಲವತ್ತೇ ಸೇರು. ಆದರೆ ಅಲ್ಲಿಯ ಸೇರಿಗೆ ಎಂಬತ್ತು ತೊಲ. ಆದುದರಿಂದ ಆ ಮಣವು ೩೭.೩೨ ಕಿಲೋ ಆಗುತ್ತಿತ್ತು. ಹೆಸರೊಂದೇ, ಸೇರುಗಳ ಸಂಖ್ಯೆಯೂ ಒಂದೇ, ತೂಕ ಮಾತ್ರ ಮೂರು ಪಟ್ಟಿಗೂ ಮೇಲೆ! ಇಪ್ಪತ್ತು ಮಣಕ್ಕೆ ಒಂದು ಖಂಡಿ ಎಂಬ ಮಾತಂತೂ ಎಲ್ಲ ಕಡೆಗಳಲ್ಲಿಯೂ ಇದ್ದರೂ, ಇಲ್ಲಿಯ ಖಂಡಿ ಮದರಾಸಿಗೆ ಹೋದರೆ ಬೇರೆ, ಮುಂಬಯಿಗೆ ಹೋದರೆ ಬೇರೆ. ದಲ್ಲಾಳಿಗಳಲ್ಲಿ ಚತುರರಾದವರು ಈ ಅಂತರದಿಂದಲೇ ಮನೆ ಕಟ್ಟಿಸಿದರೆಂದು ಮುದುಕರು ಹೇಳುತ್ತಿದ್ದ ಮಾತನ್ನು ನಾನೂ ಕೇಳಿದ್ದೇನೆ.

ಊರಿನೊಳಗೆ ಆ ಗೊಂದಲವು ಬಹುಮಟ್ಟಿಗೆ ಅಡಗಿತು. ಆದರೆ ಸಮುದ್ರದಾಚೆಯ ವ್ಯಾಪಾರದಲ್ಲಿ ಅದು ಇನ್ನೂ ಇದೆ. ಇದಕ್ಕೆ ಮುಖ್ಯ ಕಾರಣ ಅಮೆರಿಕದ ಸಂಯುಕ್ತ ಸಂಸ್ಥಾನಗಳು. ಆ ದೇಶದಲ್ಲಿ ೧೮೬೬ರಲ್ಲಿಯೇ ಮೆಟ್ರಿಕ್ ಅಳತೆಯನ್ನು ಬಳಸಬಹುದೆಂದು ಕಾನೂನಾಯಿತು. ೧೯೭೫ರಲ್ಲಿ ಇಷ್ಟಪಟ್ಟವರು ಅದಕ್ಕೆ ಬದಲಾಗಬಹುದೆಂದು ಮತ್ತೊಂದು ಕಾನೂನು. ೧೯೮೮ರಲ್ಲಿ, ವ್ಯಾಪಾರಕ್ಕೆ ಮೆಟ್ರಿಕ್ ಪದ್ಧತಿಯೇ ಮೇಲಾದುದೆಂದು ಇನ್ನೊಂದು. ಇಷ್ಟೆಲ್ಲ ಆದರೂ ಅಲ್ಲಿಯ ಅಂಗಡಿಯಲ್ಲಿ ಪೌಂಡೇ, ಕಣಜದಲ್ಲಿ ಬುಷೆಲೇ. ಬಲಾತ್ಕಾರವಿಲ್ಲದ ಕಾನೂನಿನ ಗತಿ ಎಲ್ಲ ದೇಶಗಳಲ್ಲಿಯೂ ಇಷ್ಟೇ ಎಂದು ತೋರುತ್ತದೆ. ತಮಾಷೆಯೇನೆಂದರೆ, ಆ ಪೌಂಡೂ ಈಗ ಕಿಲೋಗ್ರಾಮಿನ ಆಧಾರದ ಮೇಲೆಯೇ ನಿಂತಿದೆ: ೧೯೫೯ರಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ಆರು ದೇಶಗಳು ಒಪ್ಪಿ, ಒಂದು ಪೌಂಡೆಂದರೆ ೦.೪೫೩೫೯೨೩೭ ಕಿಲೋ ಎಂದು ಗೊತ್ತುಮಾಡಿದವು. ಒಂದು ಕಿಲೋವಿಗೆ ೨.೨೦೪೬ ಪೌಂಡು. ಈ ಒಂದು ಅಂಕಿಯನ್ನು ದಯಮಾಡಿ ಬರೆದುಕೊಳ್ಳಿರಿ.

ಮೊದಲು ಕಾಫಿಯ ವಿಚಾರ. ಇಲ್ಲಿ ಕುಳಿತವರಲ್ಲಿ ಕಾಫಿ ಬೆಳೆಯುವವರು ಕೆಲವರೇ ಇರಬಹುದು. ಆದರೆ ಕೊಡಗಿನಲ್ಲಿ ನೆಂಟರುಳ್ಳವರು ಅನೇಕರಿದ್ದೀರಿ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದೇ, ಮತ್ತು ಅದರ ಹೆಚ್ಚಿನ ಭಾಗವು ಹೊರದೇಶಕ್ಕೆ ಹೋಗತಕ್ಕದ್ದು. ೧೯೪೨ರ ಕಾಫಿ ಕಾನೂನು ಬಂದ ಮೇಲೆ ಬಹುಕಾಲ ಬೆಳೆಗಾರರ ಕಾಫಿಯೆಲ್ಲ ಒಂದೇ ರಾಶಿಗೆ ಸೇರಿ, ಕಾಫಿ ಮಂಡಳಿಯೇ ಅದನ್ನು ಮಾರಿ ಹಣವನ್ನು ಹಂಚುತ್ತಿತ್ತು. ೧೯೯೦ರ ದಶಕದಲ್ಲಿ ಆ ಏರ್ಪಾಡು ನಿಂತು, ಮಾರುವ ಸ್ವಾತಂತ್ರ್ಯವು ಬೆಳೆಗಾರನ ಕೈಗೆ ಬಂದಿತು; ಅದರೊಡನೆ ನ್ಯೂಯಾರ್ಕಿನ ಧಾರಣೆಯನ್ನು ಓದುವ ಹೊರೆಯೂ ಬಂದಿತು.

ಈ ಧಾರಣೆಯಲ್ಲಿ ಮೂರು ತರದ ಅಳತೆಗಳು ಸೇರಿಕೊಂಡಿವೆ. ಅರಾಬಿಕ ಕಾಫಿಯ ಬೆಲೆ ನ್ಯೂಯಾರ್ಕಿನಲ್ಲಿ ಆಗುತ್ತದೆ. ಅದು ಪೌಂಡಿಗೆ ಇಷ್ಟು ಸೆಂಟ್ ಎಂಬ ಲೆಕ್ಕ, ಮತ್ತು ಒಂದು ಕರಾರಿನ ಪ್ರಮಾಣ ೩೭,೫೦೦ ಪೌಂಡು, ಎಂದರೆ ಸುಮಾರು ಹದಿನೇಳು ಟನ್ನು. ರೊಬಸ್ಟ ಕಾಫಿಯ ಬೆಲೆ ಲಂಡನ್ನಿನಲ್ಲಿ ಆಗುತ್ತದೆ. ಅದು ಮೆಟ್ರಿಕ್ ಟನ್ನಿಗೆ ಇಷ್ಟು ಡಾಲರು, ಕರಾರು ಹತ್ತು ಟನ್ನು. ಪ್ರಪಂಚದಲ್ಲಿ ಎಷ್ಟು ಕಾಫಿ ಬೆಳೆಯಿತೆಂದು ಹೇಳುವಾಗ ಮಾತ್ರ ಅರುವತ್ತು ಕಿಲೋ ಚೀಲದ ಲೆಕ್ಕ. ನಮ್ಮ ಬೆಳೆಗಾರನು ಮಾರುವುದೋ ಐವತ್ತು ಕಿಲೋ ಚೀಲದಲ್ಲಿ. ಹಿಂದೆ ಲಂಡನ್ನಿನಲ್ಲಿ ನಡೆಯುತ್ತಿದ್ದ ಹಂಡ್ರೆಡ್‌ವೇಟಿನ ತೂಕ ೧೧೨ ಪೌಂಡು, ಎಂದರೆ ೫೦.೮ ಕಿಲೋ, ನಮ್ಮ ಚೀಲವು ಅದಕ್ಕೆ ಬಹಳ ಹತ್ತಿರದ್ದಾಗಿದೆ.

ಒಂದು ಉದಾಹರಣೆಯನ್ನು ನೋಡೋಣ. ಲೆಕ್ಕದ ಸೌಕರ್ಯಕ್ಕಾಗಿ ಒಂದು ಡಾಲರಿಗೆ ೮೫ ರೂಪಾಯಿ ಎಂದಿಟ್ಟುಕೊಳ್ಳೋಣ. ಮಾರುವ ದಿನ ಅದು ಎಷ್ಟಿದೆಯೋ ಅದನ್ನು ಹಾಕಿಕೊಳ್ಳತಕ್ಕದ್ದು. ನ್ಯೂಯಾರ್ಕಿನ ಬೆಲೆ ೩೦೦ ಸೆಂಟ್ ಎಂದು ಪತ್ರಿಕೆಯಲ್ಲಿ ಬಂದಿದೆ. ಎಂದರೆ ಪೌಂಡಿಗೆ ಮೂರು ಡಾಲರು. ಕಿಲೋವಿಗೆ ೨.೨೦೪೬ರಿಂದ ಗುಣಿಸಿದರೆ ೬.೬೧ ಡಾಲರು, ರೂಪಾಯಿಯಲ್ಲಿ ಸುಮಾರು ೫೬೨. ಐವತ್ತು ಕಿಲೋವಿಗೆ ಸುಮಾರು ೨೮,೧೦೦. ಈಗ ಇದೇ ೩೦೦ ಸೆಂಟನ್ನು ಕಿಲೋವಿನ ಬೆಲೆಯೆಂದು ತಿಳಿದವನ ಪಾಡನ್ನು ನೋಡಿರಿ. ಅವನ ಲೆಕ್ಕಕ್ಕೆ ಕಿಲೋವಿಗೆ ೨೫೫ ರೂಪಾಯಿ, ಚೀಲಕ್ಕೆ ೧೨,೭೫೦. ಬಾಗಿಲಿಗೆ ಬಂದ ವ್ಯಾಪಾರಿಯು ಹದಿನಾಲ್ಕು ಸಾವಿರ ಕೊಡುವೆನೆಂದರೆ, ಅಮೆರಿಕದ ಬೆಲೆಗಿಂತಲೂ ಮೇಲಾಯಿತಲ್ಲ ಎಂದು ಹಿಗ್ಗಿ ಕೊಟ್ಟುಬಿಡುತ್ತಾನೆ. ವ್ಯಾಪಾರಿ ಒಂದು ಸುಳ್ಳನ್ನೂ ಹೇಳಿರುವುದಿಲ್ಲ.

ಇದಕ್ಕೆ ಎದುರಾದ ತಪ್ಪೂ ಉಂಟು. ೨೮,೧೦೦ ಎಂಬುದು ಸಂಸ್ಕರಿಸಿ ಶುದ್ಧಮಾಡಿದ ಹಸಿರು ಬೀಜದ ಬೆಲೆ. ಐವತ್ತು ಕಿಲೋ ಪಾರ್ಚ್‌ಮೆಂಟಿನಿಂದ ಶುದ್ಧ ಬೀಜವು ಸುಮಾರು ನಲವತ್ತು ಕಿಲೋ ಇಳಿಯಬಹುದು. ಒಣಗಿದ ಚೆರ್ರಿಯಿಂದ ಸುಮಾರು ಅರ್ಧ ಮಾತ್ರ. ನಲವತ್ತು ಕಿಲೋ ಎಂದರೆ ಸುಮಾರು ೨೨,೫೦೦ ರೂಪಾಯಿ. ಅದರಲ್ಲಿಯೂ ಕ್ಯೂರಿಂಗ್ ಕೂಲಿ, ಬಂದರಿನವರೆಗಿನ ಸಾಗಾಣಿಕೆ, ರಫ್ತು ಮಾಡುವವನ ಖರ್ಚು ಮತ್ತು ಲಾಭ ಇಷ್ಟೂ ಕಳೆಯಬೇಕು. ಇದನ್ನು ತಿಳಿಯದೆ, ಅಮೆರಿಕದಲ್ಲಿ ಇಪ್ಪತ್ತೆಂಟು ಸಾವಿರ, ನನಗೆ ಇಪ್ಪತ್ತೇ ಎಂದು ಪ್ರಾಮಾಣಿಕನಾದ ವ್ಯಾಪಾರಿಯೊಡನೆ ಜಗಳಕ್ಕೆ ನಿಲ್ಲುವುದೂ ಸರಿಯಲ್ಲ. ಅರಾಬಿಕ, ರೊಬಸ್ಟಗಳೆರಡನ್ನೂ ಬೆಳೆಯುವವರಿಗೆ ಒಂದು ಸುಲಭವಾದ ಉಪಾಯ ಹೇಳುತ್ತೇನೆ: ಲಂಡನ್ನಿನ ಟನ್ನಿನ ಬೆಲೆಯನ್ನು ೨೨.೦೪೬ರಿಂದ ಭಾಗಿಸಿದರೆ ಪೌಂಡಿನ ಸೆಂಟು ಬರುತ್ತದೆ. ೪,೦೦೦ ಡಾಲರಿನ ರೊಬಸ್ಟ ಎಂದರೆ ಸುಮಾರು ೧೮೧ ಸೆಂಟು. ಆಗ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡಬಹುದು.

ಕಿಲೋವಿಗೆ ಎರಡೂ ಕಾಲೇ ಪೌಂಡಿನಷ್ಟು, ಬಾಯಿಲೆಕ್ಕಕ್ಕೆ ೨.೨ ಸಾಲದೆ ಎಂದು ಕೆಲವರು ಕೇಳುತ್ತಾರೆ. ಎರಡೂ ಕಾಲು ಎಂಬುದನ್ನು ಬಿಟ್ಟೇಬಿಡಿರಿ. ೨.೨ ಎಂಬುದು ಮನೆಯ ಮಾತಿಗೆ ಸಾಕು, ಕರಾರಿಗೆ ಸಾಲದು. ಅರುವತ್ತು ಕಿಲೋವಿನ ೩೨೦ ಚೀಲ ತುಂಬಿದ ಒಂದು ಪೆಟ್ಟಿಗೆಯಲ್ಲಿ ೧೯,೨೦೦ ಕಿಲೋ ಇರುತ್ತದೆ. ೨.೨ರಿಂದ ಗುಣಿಸಿದರೆ ಅಲ್ಲಿ ಸುಮಾರು ೮೯ ಪೌಂಡು ಮಾಯವಾಗುತ್ತದೆ. ಮೂರು ಡಾಲರಿನಂತೆ ಅದರ ಬೆಲೆ ೨೬೬ ಡಾಲರು, ಎಂದರೆ ಇಪ್ಪತ್ತೆರಡು ಸಾವಿರ ರೂಪಾಯಿಗೂ ಮಿಕ್ಕಿ. (ಆ ಪೆಟ್ಟಿಗೆಯನ್ನೂ ಇಪ್ಪತ್ತು ಅಡಿಯದು, ನಲವತ್ತು ಅಡಿಯದು ಎಂದು ಅಡಿಗಳಿಂದಲೇ ಹಡಗಿನವರು ಎಣಿಸುತ್ತಾರೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು.)

ಇನ್ನು ಹತ್ತಿ. ಹೆಗ್ಗಡದೇವನಕೋಟೆಯ ಕಡೆಯಿಂದ ಬಂದವರಿಗೆ ಇದು ಬೇಕಾದ ಮಾತು. ಬಿಡಿಸಿದ ಹತ್ತಿಯನ್ನು ತಾವು ಕ್ವಿಂಟಾಲಿನಲ್ಲಿ ಮಾರುತ್ತೀರಿ. ಜಿನ್ನಿನಿಂದ ಬೀಜ ಬೇರೆಯಾಗಿ ಹೊರಬಂದ ಅರಳೆಗೆ ಮಾತ್ರ ಬೆಲೆ ಹೇಳುವುದು ಈ ಹೊತ್ತಿಗೂ ಖಂಡಿಯ ಮೇಲೆಯೇ. ಇದು ನಮ್ಮ ಅಜ್ಜಂದಿರ ಖಂಡಿಯಲ್ಲ. ಮುಂಬಯಿಯ ಹತ್ತಿ ವರ್ತಕರ ೭೮೪ ಪೌಂಡಿನ ಖಂಡಿ, ಎಂದರೆ ಏಳು ಹಂಡ್ರೆಡ್‌ವೇಟು. ಕಿಲೋವಿನಲ್ಲಿ ೩೫೫.೬೨ ಆಗುವುದನ್ನು ೩೫೬ ಎಂದು ದುಂಡಗೆಮಾಡಿ ಹೇಳುವುದು ವಾಡಿಕೆ. ನ್ಯೂಯಾರ್ಕಿನಲ್ಲಿ ಅರಳೆಗೂ ಪೌಂಡಿಗೆ ಸೆಂಟುಗಳ ಬೆಲೆಯೇ. ಆದುದರಿಂದ ಅಲ್ಲಿ ಒಂದು ಸೆಂಟು ಏರಿದರೆ ಇಲ್ಲಿಯ ಖಂಡಿಗೆ ೭.೮೪ ಡಾಲರು ಏರಿದಂತೆ. ೮೦ ಸೆಂಟಿನ ಬೆಲೆಯಿದ್ದರೆ ಖಂಡಿಗೆ ೬೨೭ ಡಾಲರು, ಸುಮಾರು ೫೩,೩೦೦ ರೂಪಾಯಿ. ನೂರು ಕಿಲೋ ಹತ್ತಿಯಿಂದ ಸುಮಾರು ಮೂವತ್ತನಾಲ್ಕು ಕಿಲೋ ಅರಳೆ ಬರುವುದೆಂದಿಟ್ಟುಕೊಂಡರೆ, ತಮ್ಮ ಕ್ವಿಂಟಾಲಿನೊಳಗಿನ ಅರಳೆಯ ಬೆಲೆ ಸುಮಾರು ೫,೧೦೦. ಬೀಜದ ಬೆಲೆ ಬೇರೆ ಸೇರತಕ್ಕದ್ದು, ಜಿನ್ನಿನ ಕೂಲಿ ಬೇರೆ ಕಳೆಯತಕ್ಕದ್ದು.

ಹತ್ತಿಯ ಬೇಲಿನಲ್ಲಿಯೂ ಮೋಸಹೋಗುವ ಅವಕಾಶವಿದೆ. ನಮ್ಮ ದೇಶದ ಬೇಲು ೧೭೦ ಕಿಲೋ. ಅಮೆರಿಕದವರ ಲೆಕ್ಕದ ಬೇಲು ೪೮೦ ಪೌಂಡು, ಎಂದರೆ ಸುಮಾರು ೨೧೮ ಕಿಲೋ. ನಮ್ಮ ಮುನ್ನೂರು ಲಕ್ಷ ಬೇಲು ಅವರ ಪತ್ರಿಕೆಯಲ್ಲಿ ಇನ್ನೂರ ಮೂವತ್ತನಾಲ್ಕು ಲಕ್ಷವಾಗಿ ಕಾಣುತ್ತದೆ. ಅದನ್ನು ನೋಡಿ, ಬೆಳೆ ಹಾಳಾಯಿತು, ಬೆಲೆ ಏರುತ್ತದೆ ಎಂದು ಮಾಲನ್ನು ಕಟ್ಟಿಟ್ಟವರು ಕೆಡುತ್ತಾರೆ.

ಮುಸುಕಿನ ಜೋಳದ ವಿಚಾರಕ್ಕೆ ಬರೋಣ. ಇದರ ಬೆಲೆ ಷಿಕಾಗೋ ನಗರದಲ್ಲಿ ಬುಷೆಲಿನ ಮೇಲೆ ಆಗುತ್ತದೆ. ಬುಷೆಲೆಂಬುದು ಮೂಲತಃ ತೂಕವಲ್ಲ, ನಮ್ಮ ಕೊಳಗದಂತೆ ತುಂಬಿ ಅಳೆಯುವ ಪಾತ್ರೆ. ಒಂದು ಕೊಳಗ ರಾಗಿಯೂ ಒಂದು ಕೊಳಗ ಬತ್ತವೂ ತೂಗಿದರೆ ಒಂದೇ ಆಗುವುದಿಲ್ಲವೆಂಬುದು ತಮ್ಮ ಮನೆಯ ಹೆಂಗಸರಿಗೂ ಗೊತ್ತು. ಅದೇ ಕಾರಣದಿಂದ ಅಮೆರಿಕದವರು ಒಂದೊಂದು ಧಾನ್ಯದ ಬುಷೆಲಿಗೂ ಒಂದೊಂದು ತೂಕವನ್ನು ಗೊತ್ತುಮಾಡಿದ್ದಾರೆ: ಗೋಧಿಗೂ ಸೋಯಾ ಅವರೆಗೂ ೬೦ ಪೌಂಡು, ಮುಸುಕಿನ ಜೋಳಕ್ಕೆ ೫೬, ಓಟ್ಸ್ ಎಂಬ ಧಾನ್ಯಕ್ಕೆ ೩೨. ಒಂದು ಟನ್ನಿಗೆ ಗೋಧಿಯ ಬುಷೆಲು ೩೬.೭೪, ಜೋಳದ ಬುಷೆಲು ೩೯.೩೭.

ಈ ಎರಡು ಅಂಕಿಗಳನ್ನು ಅದಲುಬದಲು ಮಾಡಿದವನ ಕಥೆಯನ್ನು ಹೇಳಲು ನಾನು ದೂರ ಹೋಗಬೇಕಾದುದಿಲ್ಲ. ನೆರೆಯ ರೈತರೊಬ್ಬರು ಜೋಳ ಮಾರುವ ಮೊದಲು ಹೊರದೇಶದ ಧಾರಣೆ ಏನೆಂದು ನನ್ನನ್ನು ಕೇಳಿದರು. ಬುಷೆಲಿಗೆ ನಾಲ್ಕೂವರೆ ಡಾಲರಿನ ಆಸುಪಾಸು ಇತ್ತು. ನನ್ನ ತಲೆಯಲ್ಲಿ ಗೋಧಿಯ ಅರುವತ್ತು ಪೌಂಡೇ ನಿಂತಿತ್ತು. ಅದರಂತೆ ಗುಣಿಸಿ, ಕ್ವಿಂಟಾಲಿಗೆ ೧,೪೦೦ ರೂಪಾಯಿಯ ಮೇಲೆ ಸ್ವಲ್ಪ ಎಂದು ಹೇಳಿಬಿಟ್ಟೆ. ಸರಿಯಾದ ಲೆಕ್ಕಕ್ಕೆ ೧,೫೦೦ರ ಮೇಲಾಗಬೇಕಾಗಿತ್ತು. ಅವರು ನನ್ನ ಮಾತನ್ನು ನಂಬಿ ಬಂದ ಬೆಲೆಗೆ ಕೊಟ್ಟರು. ಕ್ವಿಂಟಾಲಿಗೆ ನೂರು ರೂಪಾಯಿಯ ತಪ್ಪು ನನ್ನದೇ, ಮಾಲು ಮಾತ್ರ ಅವರದು. ಆಮೇಲೆ ಹೋಗಿ ತಿಳಿಸಿದಾಗ ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಅಂದಿನಿಂದ ಯಾವ ಧಾರಣೆಯನ್ನೂ ಕಾಗದದ ಮೇಲೆ ಬರೆದು ಗುಣಿಸದೆ ಬಾಯಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ.

ವಿದ್ಯಾವಂತರೂ ನಿಪುಣರೂ ಇಂಥ ತಪ್ಪಿನಿಂದ ಹೊರತಲ್ಲ. ೧೯೮೩ರ ಜುಲೈ ತಿಂಗಳಲ್ಲಿ ಕೆನಡಾ ದೇಶದ ದೊಡ್ಡ ವಿಮಾನವೊಂದಕ್ಕೆ ೨೨,೩೦೦ ಕಿಲೋ ಎಣ್ಣೆ ಬೇಕಾಗಿತ್ತು. ಲೀಟರನ್ನು ತೂಕಕ್ಕೆ ತಿರುಗಿಸುವಾಗ ಕಿಲೋವಿನ ಅಂಕಿಯ ಬದಲು ಪೌಂಡಿನ ಅಂಕಿಯನ್ನು ಹಾಕಿದ್ದರಿಂದ ಅದರಲ್ಲಿ ಅರ್ಧಕ್ಕೂ ಕಡಮೆ ಎಣ್ಣೆಯಿತ್ತು. ನಡು ಆಕಾಶದಲ್ಲಿ ಎರಡು ಯಂತ್ರಗಳೂ ನಿಂತವು. ವಿಮಾನವನ್ನು ಗಾಳಿಪಟದಂತೆ ತೇಲಿಸಿ ಗಿಮ್ಲಿ ಎಂಬಲ್ಲಿ ಇಳಿಸಿದ ಚಾಲಕರ ಚಾತುರ್ಯದಿಂದ ಯಾರ ಪ್ರಾಣವೂ ಹೋಗಲಿಲ್ಲ.

ಟನ್ನು ಎಂಬ ಶಬ್ದವು ಇವೆಲ್ಲಕ್ಕಿಂತಲೂ ವಂಚಕವಾದುದು. ಏಕೆಂದರೆ ಅದು ನಮ್ಮದೇ ಎಂದು ತೋರುತ್ತದೆ. ಮೆಟ್ರಿಕ್ ಟನ್ನು ೧,೦೦೦ ಕಿಲೋ. ಬ್ರಿಟನ್ನಿನ ಹಳೆಯ ಉದ್ದ ಟನ್ನು ೨,೨೪೦ ಪೌಂಡು, ೧,೦೧೬ ಕಿಲೋ. ಅಮೆರಿಕದ ಗಿಡ್ಡ ಟನ್ನು ೨,೦೦೦ ಪೌಂಡು, ೯೦೭ ಕಿಲೋ. ದನಗಳ ಮೇವಿಗೆ ಬರುವ ಸೋಯಾ ಹಿಂಡಿಯ ಷಿಕಾಗೋ ಬೆಲೆಯು ಗಿಡ್ಡ ಟನ್ನಿನದು. ಅದನ್ನು ಮೆಟ್ರಿಕ್ ಎಂದು ಓದಿದವನಿಗೆ ಹಿಂಡಿಯು ನೂರಕ್ಕೆ ಸುಮಾರು ಒಂಬತ್ತರಷ್ಟು ಅಗ್ಗವಾಗಿ ಕಾಣುತ್ತದೆ. ಮಂಡ್ಯದ ಕಬ್ಬಿನವರು ಒಂದು ವಿಚಿತ್ರವನ್ನು ಗಮನಿಸಬಹುದು. ಕಚ್ಚಾ ಸಕ್ಕರೆಯ ನ್ಯೂಯಾರ್ಕ್ ಕರಾರು ೧,೧೨,೦೦೦ ಪೌಂಡು ಎಂದಿದೆ. ಈ ಅಂಕಿ ಎಲ್ಲಿಂದ ಬಂದಿತೆಂದು ಭಾಗಿಸಿ ನೋಡಿದರೆ, ಸರಿಯಾಗಿ ಐವತ್ತು ಉದ್ದ ಟನ್ನು. ಬಿಳಿಯ ಸಕ್ಕರೆಯ ಲಂಡನ್ ಕರಾರಾದರೋ ಐವತ್ತು ಮೆಟ್ರಿಕ್ ಟನ್ನು. ಬತ್ತಕ್ಕೆ ಅಮೆರಿಕದಲ್ಲಿ ಹಂಡ್ರೆಡ್‌ವೇಟಿನ ಲೆಕ್ಕ. ಆದರೆ ಅವರ ಹಂಡ್ರೆಡ್‌ವೇಟು ನೂರೇ ಪೌಂಡು, ೪೫.೩೬ ಕಿಲೋ, ಮೊದಲು ಹೇಳಿದ ೧೧೨ ಪೌಂಡಿನದಲ್ಲ.

ಚಿನ್ನದ ಔನ್ಸು ಬೇರೆ ಜಾತಿಯದು. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದುವಾದರೂ ಪ್ರಪಂಚದ ಚಿನ್ನಕ್ಕೆ ಟ್ರಾಯ್ ಔನ್ಸಿನಲ್ಲಿಯೇ ಬೆಲೆ: ೩೧.೧ ಗ್ರಾಮು. ಮೂರು ಟ್ರಾಯ್ ಔನ್ಸಿಗೆ ಸರಿಯಾಗಿ ಎಂಟು ತೊಲ ಎಂದು ನೆನಪಿಟ್ಟರೆ ಸಾಕು. ಕಲ್ಲೆಣ್ಣೆಯ ಪೀಪಾಯಿ ಸುಮಾರು ೧೫೯ ಲೀಟರು.

ಈಗ ಹಳ್ಳಿಗಳಲ್ಲಿ ಹೆಂಗಸರ ಸಂಘಗಳೂ ರೈತರ ಕಂಪೆನಿಗಳೂ ಕಾಫಿಪುಡಿ, ಬೆಲ್ಲ, ಜೇನು, ಸಾರಿನ ಪುಡಿ ಇತ್ಯಾದಿಗಳನ್ನು ಪೊಟ್ಟಣಮಾಡಿ ಹೊರಗೆ ಕಳುಹಿಸಲು ಮನಸ್ಸುಮಾಡುತ್ತಿರುವುದರಿಂದ ಒಂದು ಮಾತು. ಅಮೆರಿಕಕ್ಕೆ ಹೋಗುವ ಆಹಾರದ ಪೊಟ್ಟಣದ ಮೇಲೆ ತೂಕವನ್ನು ಔನ್ಸಿನಲ್ಲಿಯೂ ಗ್ರಾಮಿನಲ್ಲಿಯೂ ಬರೆಯತಕ್ಕದ್ದು. ಯೂರೋಪಿನ ಒಕ್ಕೂಟದ ದೇಶಗಳಿಗಾದರೆ ಗ್ರಾಮು ಕಡ್ಡಾಯ. ಬೇರೆಯದನ್ನು ಪಕ್ಕದಲ್ಲಿ ಬರೆಯಲು ಅಡ್ಡಿಯಿಲ್ಲ. ೪೫೦ ಗ್ರಾಮನ್ನು ತುಂಬಿ ಒಂದು ಪೌಂಡೆಂದು ಅಚ್ಚುಹಾಕಿಸಿದರೆ ಪೊಟ್ಟಣಕ್ಕೆ ಮೂರೂವರೆ ಗ್ರಾಮಿಗೂ ಮೇಲೆ ಕಡಮೆಬಿದ್ದು, ಅಲ್ಲಿಯ ಅಧಿಕಾರಿಗಳ ಕಣ್ಣಿಗೆ ಅದು ಮೋಸವಾಗಿಯೇ ಕಾಣುತ್ತದೆ. ಜೇನಿನಲ್ಲಿ ಇನ್ನೂ ಎಚ್ಚರ ಬೇಕು. ತೂಕದ ಔನ್ಸು ೨೮.೩೫ ಗ್ರಾಮು, ದ್ರವದ ಔನ್ಸು ಅಮೆರಿಕದಲ್ಲಿ ೨೯.೫೭ ಮಿಲಿಲೀಟರು. ಜೇನು ನೀರಿಗಿಂತ ಬಹಳ ಭಾರವಾದುದರಿಂದ ಹನ್ನೆರಡು ದ್ರವ ಔನ್ಸಿನ ಶೀಶೆಯಲ್ಲಿ ಸುಮಾರು ಅರ್ಧ ಕಿಲೋ ಹಿಡಿಯುತ್ತದೆ. ತೂಕದ ಹನ್ನೆರಡು ಔನ್ಸಾದರೆ ೩೪೦ ಗ್ರಾಮು ಮಾತ್ರ. ಶೀಶೆಯ ಬೆಲೆಯನ್ನು ಒಪ್ಪುವ ಮೊದಲೇ ಯಾವ ಔನ್ಸೆಂದು ಕೇಳಬೇಕು.

ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೨೦೦೯ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಹನ್ನೊಂದನೆಯ ಪ್ರಕರಣದ ಮೇರೆಗೆ, ಈ ದೇಶದಲ್ಲಿ ಬೆಲೆ ಹೇಳುವುದು, ಪಟ್ಟಿ ಬರೆಯುವುದು ಮುಂತಾದುವು ಗೊತ್ತಾದ ಮೆಟ್ರಿಕ್ ಮಾನಗಳಲ್ಲಿಯೇ ಇರತಕ್ಕದ್ದು. ರಫ್ತಾಗುವ ಮಾಲಿಗೆ ಮಾತ್ರ ಆ ಪ್ರಕರಣವು ಅನ್ವಯಿಸುವುದಿಲ್ಲ. ಆದುದರಿಂದ ಹೊರದೇಶದವನ ಕರಾರಿನಲ್ಲಿ ಪೌಂಡಿದ್ದ ಮಾತ್ರಕ್ಕೆ ಅದು ಅಕ್ರಮವೆಂದು ಹೆದರಬೇಕಾದುದಿಲ್ಲ. ಆದರೆ ತಮ್ಮ ಬಾಗಿಲಿನಲ್ಲಿ ತಮ್ಮಿಂದ ಕೊಳ್ಳುವವನು ಕಿಲೋವಿನಲ್ಲಿಯೇ ತೂಗಿ, ಕಿಲೋವಿನಲ್ಲಿಯೇ ಚೀಟಿ ಬರೆದುಕೊಡಬೇಕು. ಪೌಂಡಿನ ಬೆಲೆ ಹೇಳಿ ಕಿಲೋವಿನಲ್ಲಿ ತೂಗುವವನನ್ನು, ಮೊದಲು ಬೆಲೆಯನ್ನು ಕಿಲೋವಿಗೆ ತಿರುಗಿಸಿ ಬರೆ ಎಂದು ಕೇಳಿರಿ. ಹೊರದೇಶದ ಕರಾರಾದರೆ ಟನ್ನೆಂದು ಬರಿದೇ ಬಿಡದೆ ಮೆಟ್ರಿಕ್ ಟನ್ನೆಂದು ಬರೆಸಿ, ಪೌಂಡಿನ ಪಕ್ಕದಲ್ಲಿ ಕಿಲೋವನ್ನೂ ಹಾಕಿಸಿ, ಎರಡಕ್ಕೂ ವ್ಯತ್ಯಾಸ ಬಂದರೆ ಯಾವುದು ನಿಲ್ಲತಕ್ಕದ್ದೆಂಬುದನ್ನೂ ಒಂದು ಸಾಲು ಸೇರಿಸಿರಿ. ಗೋಣಿಯ ತೂಕ ಸೇರಿದೆಯೇ ಬಿಟ್ಟಿದೆಯೇ, ತೇವ ನೂರಕ್ಕೆ ಎಷ್ಟರವರೆಗೆ ಒಪ್ಪಿಗೆ ಎಂಬುದೂ ಅಲ್ಲಿಯೇ ಬರಲಿ. ಕರಾರಿನ ಭಾಷೆ ತಿಳಿಯದಿದ್ದರೆ ರುಜು ಹಾಕುವುದಕ್ಕೆ ಎರಡು ದಿನ ತಡೆಯುವುದರಲ್ಲಿ ಅವಮಾನವೇನೂ ಇಲ್ಲ.

ಗ್ರಾಮದ ಯಜಮಾನರಲ್ಲಿ ನನ್ನದೊಂದು ವಿಜ್ಞಾಪನೆ. ನಾನು ಇಲ್ಲಿ ಹೇಳಿದ ಅಂಕಿಗಳನ್ನು ದಪ್ಪ ಅಕ್ಷರಗಳಲ್ಲಿ ಬರೆಸಿದ ಹಾಳೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಊರಿಗೊಂದರಂತೆ ತೆಗೆದುಕೊಂಡು ಹೋಗಿ, ಹಾಲಿನ ಡೈರಿಯ ಗೋಡೆಗೋ ಪಂಚಾಯಿತಿ ಕಟ್ಟೆಗೋ ಹಚ್ಚಿಸಬೇಕು. ಶಾಲೆಯ ಮೇಷ್ಟರಿಗೆ ಹೇಳಿ, ಏಳನೆಯ ತರಗತಿಯ ಮಕ್ಕಳಿಂದ ವಾರಕ್ಕೊಮ್ಮೆ ಆ ದಿನದ ಧಾರಣೆಯನ್ನು ಕಿಲೋವಿಗೆ ತಿರುಗಿಸುವ ಲೆಕ್ಕವನ್ನು ಮಾಡಿಸಿದರೆ, ಮಕ್ಕಳಿಗೂ ಅಭ್ಯಾಸ, ಹಿರಿಯರಿಗೂ ಧಾರಣೆ. ಹಾಳೆಯಲ್ಲಿ ಜೋಳದ ಬುಷೆಲಿನ ಸಾಲನ್ನು ಕೆಂಪು ಮಸಿಯಲ್ಲಿ ಬರೆಸಿದ್ದೇನೆ. ಕಾರಣವನ್ನು ಆಗಲೇ ಕೇಳಿದ್ದೀರಿ. ಈಗ ಯಾರಿಗಾದರೂ ತಮ್ಮ ಕೈಯಲ್ಲಿರುವ ಕರಾರು ಪತ್ರವನ್ನೋ ತೂಕದ ಚೀಟಿಯನ್ನೋ ತೋರಿಸಿ ಕೇಳಬೇಕೆಂದಿದ್ದರೆ ಮುಂದೆ ಬರಬಹುದು.